ಬಿಡಿಡಿ ಚಾಳಿನ ಮಾದರಿ: ನೆಲಮಹಡಿಯ ಗೋಡೆಗಳು ನಿಂತವು

ಶಿರಸಿ, ಜುಲೈ

ಮುಂಬಯಿಯ ವರಳಿಯ ಬಿಡಿಡಿ ಚಾಳು (ಒಂದೊಂದು ಕೋಣೆಯ ಮನೆಗಳ ವಸತಿ ಕಟ್ಟಡ), 1:100 ಪ್ರಮಾಣದಲ್ಲಿ. ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ (ಬಿಡಿಡಿ) 1920ರ ದಶಕದ ಮೊದಲ ವರ್ಷಗಳಲ್ಲಿ ಕಟ್ಟಿಸಿದ 207 ಕಟ್ಟಡಗಳಲ್ಲಿ ಒಂದರ ಮಾದರಿ ಇದು. ಆಗ ನಮ್ಮ ಜಿಲ್ಲೆಯೂ ಮುಂಬಯಿ ಪ್ರಾಂತ್ಯದಲ್ಲೇ ಇತ್ತು. ನೆಲಮಹಡಿ, ಮೇಲೆ ಮೂರು. ಮಹಡಿಗೆ 20 ಕೋಣೆ, ಒಟ್ಟು 80. ಒಂದೊಂದೂ 160 ಚದರ ಅಡಿ.

ಮುಂಬಯಿಯದೇ ಗಿರಗಾಂವದ ಹಳೆಯ ಚಾಳುಗಳಲ್ಲಿ ಮರದ ಗ್ಯಾಲರಿ ಹೊರಗೇ ಕಾಣುತ್ತದೆ. ಇಲ್ಲಿ ಓಡಾಟದ ದಾರಿ ಎರಡು ಸಾಲು ಕೋಣೆಗಳ ನಡುವೆ ಅಡಗಿದೆ. ಆ ನಡುದಾರಿ ಕಾಣದಿದ್ದರೆ ಮಾದರಿ ಕಿಟಕಿ ಕೊರೆದ ಡಬ್ಬಿಯಷ್ಟೇ. ಹಾಗಾಗಿ ಮಹಡಿಗಳನ್ನು ಒಂದಕ್ಕೊಂದು ಅಂಟಿಸದೆ, ಬಿಡಿಬಿಡಿಯಾಗಿ ಎತ್ತಿಡುವಂತೆ ಮಾಡುತ್ತಿದ್ದೇವೆ.

ಕೋಣೆಯನ್ನು 10 ಅಡಿ ಅಗಲ, 16 ಅಡಿ ಆಳ ಎಂದು ಹಿಡಿದೆವು, ಮಾದರಿಯಲ್ಲಿ 30.5 ಮತ್ತು 48.8 ಮಿ.ಮೀ. ಗೋಡೆಗೆ 2 ಮಿ.ಮೀ. ಮೌಂಟ್ ಬೋರ್ಡ್ (ದಪ್ಪ ರಟ್ಟು). ಗೋಡೆಯ ದಪ್ಪವನ್ನು ಲೆಕ್ಕಕ್ಕೆ ಹಿಡಿಯಲೇಬೇಕು: ಒಂದು ಸಾಲಿನ ಹತ್ತು ಕೋಣೆಗೆ 305, ಹನ್ನೊಂದು ಗೋಡೆಗೆ 22, ಸೇರಿ 327 ಮಿ.ಮೀ. ಮೆಟ್ಟಿಲಿನ ಜಾಗ ಬೇರೆ.

ಈ ತಿಂಗಳ ದೊಡ್ಡ ಕಾಟ ಥಂಡಿ. ಶಿರಸಿಯ ಮಳೆಗಾಲದಲ್ಲಿ ಬೋರ್ಡ್ ಗಾಳಿಯ ತೇವವನ್ನೇ ಹೀರುತ್ತದೆ. ಅದರ ಮೇಲೆ ಒಂದೇ ಬದಿಗೆ ಬಣ್ಣ ಬಳಿದರೆ ಆ ಬದಿ ಮೊದಲು ಹಿಗ್ಗಿ, ಒಣಗುವಾಗ ಕುಗ್ಗಿ, 327 ಮಿ.ಮೀ. ಉದ್ದದ ಪಟ್ಟಿ ಬಿಲ್ಲಿನಂತೆ ಬಾಗುತ್ತದೆ. ಪರಿಹಾರ: ಕತ್ತರಿಸುವ ಮೊದಲೇ ಹಾಳೆಯ ಎರಡೂ ಬದಿಗೆ ತೆಳು ಅರಗಿನ ಪಾಲಿಶ್, ಆಮೇಲೆ ಸಪಾಟು ಹಲಗೆಗಳ ನಡುವೆ ಭಾರ ಹೇರಿ ಒಂದು ರಾತ್ರಿ. ಕತ್ತರಿಸಿದ ಅಂಚುಗಳಿಗೂ ಪಾಲಿಶ್ ಮುಟ್ಟಿಸಬೇಕು, ತೇವ ಹೆಚ್ಚಾಗಿ ನುಗ್ಗುವುದು ಅಲ್ಲಿಂದಲೇ. ಆದರೆ ಅಂಟು ತಾಗುವ ಗೆರೆಯನ್ನು ಬಿಡಿ; ಪಾಲಿಶಿನ ಮೇಲೆ ಫೆವಿಕಾಲ್ ಗಟ್ಟಿಯಾಗಿ ಹಿಡಿಯುವುದಿಲ್ಲ.

ಜೋಡಣೆಗೆ 30.5 ಮಿ.ಮೀ. ಅಗಲದ ಎರಡು ಮರದ ತುಂಡು ಸಾಕು. ಗೋಡೆ ನಿಲ್ಲಿಸಿ, ತುಂಡು ಒತ್ತಿ, ಮುಂದಿನ ಗೋಡೆ ಅಂಟಿಸಿ, ಮೂಲೆಮಟ್ಟ ಹಿಡಿದು ನೋಡುವುದು. ಅಂಟನ್ನು ಕಡ್ಡಿಯ ತುದಿಯಲ್ಲಿ ತೆಳ್ಳಗೆ ಹಚ್ಚಬೇಕು. ಹೆಚ್ಚಾದರೆ ಅದರ ನೀರಿಗೇ ಬೋರ್ಡ್ ಉಬ್ಬುತ್ತದೆ. ಬಾಗಿಲುಗಳನ್ನು ಗೋಡೆ ನಿಲ್ಲಿಸುವ ಮೊದಲೇ ಕೊರೆದಿಡಿ. ನಡುದಾರಿ 20 ಮಿ.ಮೀ. ಮಾತ್ರ, ಆಮೇಲೆ ಬ್ಲೇಡು ತಿರುಗಿಸಲು ಜಾಗವಿರುವುದಿಲ್ಲ.

ಮುಂದಿನ ಕೆಲಸ ಮೆಟ್ಟಿಲು, ಸಾಮೂಹಿಕ ಶೌಚಾಲಯಗಳು. ವರಳಿಯಲ್ಲಿ ಪುನರ್ನಿರ್ಮಾಣಕ್ಕಾಗಿ ಚಾಳುಗಳನ್ನು ಕೆಡವುತ್ತಿರುವುದರಿಂದ, ಒಳಗಿನ ಫೋಟೊ ಅಥವಾ ಅಳತೆ ಇರುವವರು ಈಗಲೇ ಕಳಿಸಿದರೆ ತುಂಬ ಉಪಕಾರ.