ಎಷ್ಟು ದಿನ ಹಿಡೀತು ಅಂತ ಕೇಳುವವರಿಗೆ

ಮನೆಯ ಹಿಂದಿನ ಕೋಣೆಯಲ್ಲಿ ಬಿಡುವಿದ್ದಾಗ ಮರಗೆಲಸ ಮಾಡುತ್ತೇನೆ. ಮೇಜು, ಸ್ಟೂಲು, ಪುಸ್ತಕದ ಗೂಡು, ಡ್ರಾಯರ್ ಇರುವ ಸಣ್ಣ ಪೆಟ್ಟಿಗೆ. ನೋಡಿದವರೆಲ್ಲ ಕೇಳುವುದು ಒಂದೇ: "ಇದನ್ನ ಮಾಡೋಕೆ ಎಷ್ಟು ದಿನ ಹಿಡೀತು?" ಉತ್ತರ ಹೇಳುವ ಮೊದಲೇ ಅವರ ಮುಂದಿನ ಮಾತು ತುಟಿಯ ಮೇಲಿರುತ್ತದೆ: "ಅಷ್ಟು ದಿನಾನಾ? ಅಂಗಡಿಯಿಂದ ತಂದಿದ್ರೆ ಸಂಜೆಯೊಳಗೆ ಮನೇಲಿರ್ತಿತ್ತು." ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಯಾರು ಕೇಳಿದರೂ ಇದನ್ನು ಓದಲು ಕೊಡುತ್ತೇನೆ.

ಎಷ್ಟು ದಿನ ಹಿಡೀತು ಅಂತ ನನಗೆ ಗೊತ್ತಿಲ್ಲ. ಯಾವ ದಿನವನ್ನು ಲೆಕ್ಕಕ್ಕೆ ತಗೊಳ್ಳಬೇಕು, ಹೇಳಿ. ಹಲಗೆ ತಂದ ಮೇಲೆ ನಡುನಡುವೆ ಸಣ್ಣ ಪಟ್ಟಿ ಕೊಟ್ಟು, ಗಾಳಿಯಾಡುವ ಹಾಗೆ ಪೇರಿಸಿ, ಕೋಣೆಯ ಹವೆಗೆ ಹೊಂದಲಿ ಅಂತ ವಾರಗಟ್ಟಲೆ ಬಿಡುತ್ತೇನೆ. ಆ ವಾರಗಳು ಲೆಕ್ಕವೇ? ಹಸಿ ಮರ ಗಾಳಿಯಲ್ಲಿ ಒಣಗಲು ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅಂತ ಮರಗೆಲಸದವರಲ್ಲಿ ಹಳೆಯ ಅಂದಾಜೊಂದಿದೆ. ಆ ವರ್ಷ ಯಾರ ಖಾತೆಗೆ? ಅಂಟು ಹಾಕಿ, ಒತ್ತಿ ಹಿಡಿಯುವ ಕ್ಲಾಂಪ್ ಬಿಗಿದರೆ ಪೂರ್ತಿ ಬಲ ಬರಲು 24 ಗಂಟೆ ಬೇಕು. ತೇಗದೊಳಗೆ ಸಿಲಿಕಾ ಇರುವುದರಿಂದ ಉಳಿಯ ಬಾಯಿ ಬೇಗ ಮೊಂಡಾಗುತ್ತದೆ, ಎದ್ದು ಹೋಗಿ ಸಾಣೆಕಲ್ಲಿಗೆ ಹಿಡಿಯಬೇಕು. ನನ್ನ ಪಾಲಿಗೆ ಸಾಣೆಯೂ ಕೆಲಸವೇ. 25 ಡಿಗ್ರಿಗೆ ಉಜ್ಜಿ, ತುದಿಯಲ್ಲಷ್ಟೇ 30 ಡಿಗ್ರಿಯ ಸಣ್ಣ ಅಂಚು ಕೊಟ್ಟ ಉಳಿ ಮರವನ್ನು ಕೊಯ್ಯುತ್ತದೆ. ಮೊಂಡು ಉಳಿ ಮರವನ್ನು ಜಜ್ಜುತ್ತದೆ, ಜಾರಿದರೆ ಕೈಯನ್ನೂ ಬಿಡುವುದಿಲ್ಲ.

ಆ 'ಹಿಡೀತು' ಅನ್ನುವ ಪದವೇ ನನ್ನನ್ನು ಕೆರಳಿಸುತ್ತದೆ. ತುಕ್ಕು ಹಿಡೀತು, ಗೆದ್ದಲು ಹಿಡೀತು, ದಿನ ಹಿಡೀತು. ನನ್ನ ದಿನಗಳಿಗೆ ಏನೋ ರೋಗ ಬಡಿದು ಅವು ಹಾಳಾದವು ಅನ್ನುವ ಧಾಟಿ ಅದು. ಆ ದಿನಗಳು ಹಾಳಾಗಲಿಲ್ಲ. ವಾರವೆಲ್ಲ ಪರದೆ ನೋಡಿ ದಣಿದ ಕಣ್ಣು, ಮರ ಹೆರೆಯುವ ಹತ್ತರಿಯ ಬಾಯಿಂದ ಉದ್ದಕ್ಕೆ ಸುರುಳಿಯಾಗಿ ಬರುವ ಸಿಪ್ಪೆಯನ್ನು ನೋಡುತ್ತ ತಂಪಾದ ದಿನಗಳು ಅವು.

ಒಂದು ಸಲ ಮಾತ್ರ ನಾನು ಆ ಪ್ರಶ್ನೆಗೆ ಹೆಮ್ಮೆಯಿಂದ ಉತ್ತರ ಕೊಟ್ಟೆ. ನನ್ನ ಮೊದಲ ಮೇಜು. ತೇಗದ ನಾಲ್ಕು ಹಲಗೆ ಅಂಟಿಸಿ ಮಾಡಿದ್ದು, ಅಗಲ 60 ಸೆಂ.ಮೀ. ಚಿಕ್ಕಪ್ಪ ಬಂದವರು ಮೇಲೆ ಕೈಯಾಡಿಸಿದರು.

"ಎಷ್ಟು ದಿನ ಹಿಡೀತೋ ಇದಕ್ಕೆ?"

"ಆರು ಭಾನುವಾರ ಚಿಕ್ಕಪ್ಪ."

"ಆರೇನಾ! ಪರವಾಗಿಲ್ವೇ, ಕೈ ಚುರುಕಿದೆ."

ಆ ಮಾತು ಎಷ್ಟು ಹಿತವಾಯಿತೆಂದರೆ, ತಿಂಗಳುಗಟ್ಟಲೆ ಕಂಡಕಂಡವರಿಗೆಲ್ಲ ಆರು ಭಾನುವಾರ ಅಂತಲೇ ಹೇಳಿಕೊಂಡು ಓಡಾಡಿದೆ. ಐದನೆಯ ತಿಂಗಳು ಹವೆ ಒಣಗಿತು. ಒಂದು ರಾತ್ರಿ ಮೇಜಿದ್ದ ಕಡೆಯಿಂದ ಟಪ್ ಅಂತ ಶಬ್ದ. ಏನೋ ಬಿದ್ದಿರಬೇಕು ಅಂತ ಮಲಗಿಬಿಟ್ಟೆ. ಬೆಳಿಗ್ಗೆ ನೋಡಿದರೆ ಮೇಜಿನ ಒಂದು ತುದಿಯಿಂದ ಒಳಕ್ಕೆ ಗೇಣುದ್ದ ಸೀಳು, ಬಾಯಿಯಲ್ಲಿ 3 ಮಿ.ಮೀ. ಅಗಲ. ಬೆರಳಿನ ಉಗುರು ಒಳಗೆ ಹೋಗುತ್ತಿತ್ತು.

ಮೊದಲು ಅಂಟನ್ನು ಬೈದೆ. ಹತ್ತಿರ ಕೂತು ನೋಡಿದರೆ ಅಂಟು ಹಾಕಿದ ಗೆರೆ ಗಟ್ಟಿಯಾಗಿಯೇ ಇತ್ತು. ಸೀಳಿದ್ದು ಅದರ ಪಕ್ಕದ ಮರ. ಮರದ ನಾರಿನ ಎಳೆಯ ಗುಂಟ ಅಂಚಿಗೆ ಅಂಚು ಸರಿಯಾಗಿ ಕೂರಿಸಿ ಅಂಟಿಸಿದರೆ ಆ ಜಾಗ ಮರಕ್ಕಿಂತ ಗಟ್ಟಿಯಾಗುತ್ತದೆ. ನನ್ನ ಅಂಟಿನ ಕೆಲಸ ಚೆನ್ನಾಗಿತ್ತು. ತಪ್ಪಿದ್ದದ್ದು ಕೆಳಗಡೆ, ಯಾರೂ ಬಗ್ಗಿ ನೋಡದ ಕಡೆ.

ಆದ್ದರಿಂದ ನನ್ನನ್ನು ಏನಾದರೂ ಕೇಳಲೇಬೇಕು ಅನ್ನಿಸಿದರೆ ಇದನ್ನು ಕೇಳಿ: "ಮೇಲಿನ ಹಲಗೆಯನ್ನ ಚೌಕಟ್ಟಿಗೆ ಹೇಗೆ ಹಿಡಿಸಿದ್ದೀಯ?" ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಕೇಳಿದರೆ ಅರ್ಧ ದಿನ ಕೂರಿಸಿಕೊಂಡು ಹೇಳುತ್ತೇನೆ.

ಕಡಿದು, ಕೊಯ್ದು, ಪಾಲಿಶ್ ಮಾಡಿದ ಮೇಲೂ ಮರ ಹವೆಯಲ್ಲಿನ ತೇವ ಹೀರುತ್ತದೆ, ಬಿಡುತ್ತದೆ. ಹೀರಿದಾಗ ಉಬ್ಬುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಎಲ್ಲ ದಿಕ್ಕಿಗೂ ಒಂದೇ ಸಮ ಅಲ್ಲ. ತೇಗ ಹಸಿಯಿಂದ ಪೂರ್ತಿ ಒಣಗುವಷ್ಟರಲ್ಲಿ, ಬೆಳವಣಿಗೆಯ ಬಳೆಗಳು ಸುತ್ತುವ ದಿಕ್ಕಿನಲ್ಲಿ ಸುಮಾರು 5.8% ಕುಗ್ಗುತ್ತದೆ, ತಿರುಳಿನಿಂದ ತೊಗಟೆಯ ಕಡೆಗೆ ಸುಮಾರು 2.5%. ಉದ್ದಕ್ಕೆ ಲೆಕ್ಕಕ್ಕೆ ಸಿಗದಷ್ಟು ಕಡಿಮೆ, 0.1ರಿಂದ 0.2% ಇರಬಹುದು. ತೇಗವನ್ನು ಎಲ್ಲರೂ ಅಲುಗದ ಮರ ಅನ್ನುತ್ತಾರೆ, ನಿಜವೇ, ಬೇರೆ ಎಷ್ಟೋ ಮರಗಳು ಇದಕ್ಕಿಂತ ಹೆಚ್ಚು ಕುಗ್ಗುತ್ತವೆ. ಆದರೂ ನನ್ನ 60 ಸೆಂ.ಮೀ. ಹಲಗೆಯ ತೇವಾಂಶ 12%ರಿಂದ 8%ಕ್ಕೆ ಇಳಿದರೆ, ಬಳೆಗಳ ಗುಂಟ ಕೊಯ್ದ ಹಲಗೆಯಾದ್ದರಿಂದ, ಅಗಲದಲ್ಲಿ ಹತ್ತಿರ ಹತ್ತಿರ 4.5 ಮಿ.ಮೀ. ಕಳೆದುಕೊಳ್ಳುತ್ತದೆ.

ನಾನೇನು ಮಾಡಿದ್ದೆ? ಮೇಜಿನ ಎರಡು ತುದಿಗಳಲ್ಲಿ ಅಡ್ಡಪಟ್ಟಿ ಕೊಟ್ಟು, ಒಂದೊಂದರಿಂದಲೂ ನಾಲ್ಕು ಸ್ಕ್ರೂ ಬಿಗಿದಿದ್ದೆ, ಅಲುಗಾಡಬಾರದು ಅಂತ. ಅಡ್ಡಪಟ್ಟಿಯ ಎಳೆ ಅದರ ಉದ್ದಕ್ಕೆ, ಅಂದರೆ ಮೇಜಿನ ಅಗಲಕ್ಕೆ ಓಡುತ್ತದೆ. ಹಾಗಾಗಿ ಅದು ಕುಗ್ಗುವುದಿಲ್ಲ. ಮೇಲಿನ ಹಲಗೆ ಕುಗ್ಗಬೇಕು, ಕೆಳಗಿನ ಪಟ್ಟಿ ಬಿಡುವುದಿಲ್ಲ, ಸ್ಕ್ರೂ ಎರಡನ್ನೂ ಹಿಡಿದುಕೊಂಡಿದೆ. ಮರ ತನ್ನ ಎಳೆಗೆ ಅಡ್ಡಲಾಗಿ ಎಳೆದರೆ ತೀರ ದುರ್ಬಲ. ಸೀಳದೆ ಅದಕ್ಕೆ ಬೇರೆ ದಾರಿ ಇರಲಿಲ್ಲ. ಪಾಲಿಶ್ ಕೂಡ ಮೇಲ್ಮುಖಕ್ಕೆ ಮಾತ್ರ ಬಳಿದಿದ್ದೆ, ಕಾಣುವ ಮುಖ ಅಂತ. ಕೆಳಗಿನ ಮುಖ ಬರಿದಾಗಿದ್ದರಿಂದ ಅಲ್ಲಿಂದ ತೇವ ಬೇಗ ಬೇಗ ಹೋಗಿ, ಹಲಗೆ ಡೊಂಕಾಗಲೂ ಶುರುವಾಗಿತ್ತು. ಪಾಲಿಶ್ ತೇವದ ಓಡಾಟವನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ನಿಧಾನವಾದರೂ ಎರಡೂ ಮುಖಕ್ಕೆ ಸಮನಾಗಿರಬೇಕು.

ಆರು ಭಾನುವಾರ ಅಂತ ಬೀಗಿದ ಕೆಲಸದಲ್ಲಿ ನಾನು ಉಳಿಸಿದ್ದು ಇಷ್ಟೇ: ಹಲಗೆ ಹವೆಗೆ ಹೊಂದುವ ಮೂರು ವಾರ, ಕೆಳಮುಖದ ಪಾಲಿಶ್, ಸ್ಕ್ರೂ ಸರಿದಾಡುವ ಹಾಗೆ ಅದರ ತೂತನ್ನು ಉದ್ದ ಮಾಡುವ ಅರ್ಧ ಗಂಟೆ.

ಸೀಳಿಗೆ ಮರದ ಪುಡಿ ತುಂಬಿಬಿಡು ಅಂದರು ಕೆಲವರು. ನನಗೆ ಮನಸ್ಸು ಒಪ್ಪಲಿಲ್ಲ. ಹವೆ ಮತ್ತೆ ತೇವವಾದಾಗ ಹಲಗೆ ಉಬ್ಬಲು ಜಾಗ ಬೇಕು, ಆ ಜಾಗವನ್ನು ಪುಡಿ ತುಂಬಿಕೊಂಡು ಕೂತಿರುತ್ತದೆ. ಮೇಲ್ಹಲಗೆ ಬಿಚ್ಚಿದೆ. ಸೀಳಿನ ಗುಂಟ ಗರಗಸ ಓಡಿಸಿ ಎರಡು ಮಾಡಿದೆ, ಅಂಚುಗಳನ್ನು ಹತ್ತರಿಯಿಂದ ನೇರ ಮಾಡಿದೆ. ತೇಗದ ಎಣ್ಣೆ ಅಂಟನ್ನು ತಡೆಯುತ್ತದೆ, ಅದಕ್ಕೆ ಅಂಟಿಸುವ ಸ್ವಲ್ಪ ಮೊದಲು ಅಂಚನ್ನು ಥಿನ್ನರ್‌ನಲ್ಲಿ ಒರೆಸಿದೆ. ಅಂಟಿಲ್ಲದೆ ಒಂದು ಸಲ ಪೂರ್ತಿ ಜೋಡಿಸಿ, ಕ್ಲಾಂಪ್ ಬಿಗಿದು ನೋಡಿದೆ. ಅಂಟು ಹಚ್ಚಿದ ಮೇಲೆ ಸಿಗುವ ಐದು ಹತ್ತು ನಿಮಿಷದಲ್ಲಿ ಕ್ಲಾಂಪ್ ಹುಡುಕುತ್ತ ಓಡಾಡಿದರೆ ಕೆಲಸ ಕೆಟ್ಟ ಹಾಗೆಯೇ. ಆಮೇಲೆ ಪಟ್ಟಿಯ ಸ್ಕ್ರೂ ಬದಲು ಗುಂಡಿ ಅಂತ ಕರೆಯುವ ಮರದ ಸಣ್ಣ ತುಂಡುಗಳನ್ನು ಮಾಡಿದೆ. ಒಂದು ತುದಿಯಲ್ಲಿ ಪುಟ್ಟ ನಾಲಗೆ, ಅದು ಪಟ್ಟಿಯ ಒಳಮೈಯಲ್ಲಿ ಕೊರೆದ ಉದ್ದನೆಯ ತೋಡಿನೊಳಗೆ ಕೂರುತ್ತದೆ, ಇನ್ನೊಂದು ತುದಿಯನ್ನು ಮೇಲ್ಹಲಗೆಗೆ ಬಿಗಿಯುವುದು. ಹಲಗೆ ಮೇಲಕ್ಕೇಳುವುದಿಲ್ಲ, ಅಗಲಕ್ಕೆ ಮಾತ್ರ ತನ್ನಿಷ್ಟದಂತೆ ಸರಿಯಬಹುದು. ನಡುವೆ ಒಂದೇ ಕಡೆ ಗಟ್ಟಿಯಾಗಿ ಬಿಗಿದೆ, ಎರಡೂ ಅಂಚಿಗೆ ಸಮನಾಗಿ ಸರಿಯಲಿ ಅಂತ.

ಪ್ರತಿ ದಿನದ ಕೊನೆಯ ಅರ್ಧ ಗಂಟೆಯೂ ಲೆಕ್ಕದಲ್ಲಿ ಬರುವುದಿಲ್ಲ ಅಂತ ಹೇಳಿಬಿಡುತ್ತೇನೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಒಣಗುತ್ತ ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ಹೊರಗೆ ಒಂದೊಂದಾಗಿ ಹರವಿ ಒಣಗಿಸುತ್ತೇನೆ. ಮರದ ಧೂಳನ್ನು ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 1995ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಮಾಸ್ಕ್ ಹಾಕದೆ ನಾನು ಸ್ಯಾಂಡ್‌ಪೇಪರ್ ಮುಟ್ಟುವುದಿಲ್ಲ, ಗುಡಿಸುವುದಕ್ಕೂ ಆತುರಪಡುವುದಿಲ್ಲ.

ಮೊನ್ನೆ ಚಿಕ್ಕಪ್ಪ ಮತ್ತೆ ಬಂದಿದ್ದರು. ಅದೇ ಮೇಜು, ಹೊಸದು ಅಂದುಕೊಂಡರು. "ಇದಕ್ಕೆಷ್ಟು ದಿನ ಹಿಡೀತೋ?"

"ಕೆಳಗೆ ಬಗ್ಗಿ ನೋಡಿ ಚಿಕ್ಕಪ್ಪ, ತೋರಿಸ್ತೀನಿ" ಅಂದೆ. ಮಂಡಿ ನೋವು ಅಂತ ಗೊಣಗುತ್ತಲೇ ಕುರ್ಚಿ ಸರಿಸಿ ಬಗ್ಗಿದರು. ಟಾರ್ಚ್ ಹಿಡಿದೆ. ಅಂಚಿನ ಗುಂಡಿಯ ಪಕ್ಕ, ಪಟ್ಟಿಯ ಮೇಲೆ ಸಾಲಾಗಿ ಪೆನ್ಸಿಲ್ ಗೆರೆಗಳು. ಹವೆ ಬದಲಾದಾಗಲೆಲ್ಲ ಗುಂಡಿ ಎಲ್ಲಿದೆ ಅಂತ ಗೆರೆ ಎಳೆದು ತಾರೀಖು ಹಾಕಿದ್ದೇನೆ, ಒಟ್ಟು ಏಳು. ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೆಚ್ಚುಕಮ್ಮಿ 2 ಮಿ.ಮೀ.

ಚಿಕ್ಕಪ್ಪ ಕನ್ನಡಕ ಮೇಲಕ್ಕೆ ತಳ್ಳಿ, ತಾರೀಖುಗಳನ್ನು ಒಂದೊಂದಾಗಿ ಓದಿದರು. "ಈಗ ಎಲ್ಲಿದೆಯೋ ಇದು?" ಅಂದರು. ಪೆನ್ಸಿಲ್ ಅವರ ಕೈಗೇ ಕೊಟ್ಟೆ. ಎಂಟನೆಯ ಗೆರೆ ಅವರದು.