ಓಪಿಡಿ ಶಿಫ್ಟಿಂಗ್: ಮೂರನೇ ವಾರ

ಪಿ.ಬಿ. ರಸ್ತೆಯ ಹಳೇ ಕಟ್ಟಡದಿಂದ ಹದಡಿ ರಸ್ತೆಯ ಹೊಸ ಕಟ್ಟಡಕ್ಕೆ ನಮ್ಮ ಆಸ್ಪತ್ರೆಯ ಓಪಿಡಿ (ಹೊರರೋಗಿ ವಿಭಾಗ) ಮುಕ್ಕಾಲು ಪಾಲು ಬಂದಾಯ್ತು. ಮೇಜು, ಕುರ್ಚಿ, ಡ್ರೆಸ್ಸಿಂಗ್ ಟ್ರಾಲಿ ಎಲ್ಲ ಒಂದೇ ದಿನದ ಕೆಲಸ. ಅದನ್ನ ಬರೆಯೋಕೇನಿಲ್ಲ.

ಭಾನುವಾರ ಲಸಿಕೆ ಸಾಗಿಸಿದೆವು. 2ರಿಂದ 8 ಡಿಗ್ರಿ ಒಳಗೇ ಇರಬೇಕು. ಹಾಗಂತ ಫ್ರೀಜರ್‌ನಿಂದ ತೆಗೆದ ಐಸ್ ಪ್ಯಾಕ್ ಸೀದಾ ಕೋಲ್ಡ್ ಬಾಕ್ಸಿಗೆ ಹಾಕೋ ಹಾಗಿಲ್ಲ. ಪೆಂಟಾವೇಲೆಂಟ್, ಟಿಡಿಯಂಥ ಲಸಿಕೆ ಹೆಪ್ಪುಗಟ್ಟಿದರೆ ಹಾಳಾದಂತೆಯೇ. ಪ್ಯಾಕುಗಳನ್ನ ಮೇಜಿನ ಮೇಲೆ ಸಾಲಾಗಿಟ್ಟು ಬೆವರಲು ಬಿಟ್ಟೆವು, ಒಳಗಿನ ಐಸ್ ಸ್ವಲ್ಪ ಕರಗಲಿ ಅಂತ. ಸಿಸ್ಟರ್ ಒಂದೊಂದನ್ನೇ ಕಿವಿ ಹತ್ರ ಹಿಡಿದು ಅಲ್ಲಾಡಿಸಿದರು. “ಇನ್ನೂ ಇಲ್ಲ ಸರ್, ಒಳಗೆ ಗುಳುಗುಳು ಅನ್ಬೇಕು.” ಹೊರಗೆ ಆಟೋದವನು ಹಾರ್ನ್ ಹೊಡೀತಾನೇ ಇದ್ದ. ಅವರು ಜಗ್ಗಲಿಲ್ಲ. ಹೊಸ ಐಎಲ್‌ಆರ್ (ಲಸಿಕೆ ಇಡೋ ಫ್ರಿಜ್) ಅನ್ನು ಹಿಂದಿನ ದಿನವೇ ಆನ್ ಮಾಡಿ ತಾಪಮಾನ ಬರೆದಿಟ್ಟಿದ್ದೂ ಅವರೇ.

ಎಡವಿದ್ದು ನಾನು, ಎಕ್ಸ್‌ರೇ ವಿಷಯದಲ್ಲಿ. ಸುಮ್ನೆ ಅದನ್ನೂ ಮೇಜು ಕುರ್ಚಿ ಪಟ್ಟಿಗೆ ಸೇರಿಸಿದ್ದೆ. ಜಾಗ ಬದಲಾದರೆ ಎಇಆರ್‌ಬಿ (ವಿಕಿರಣ ಸುರಕ್ಷತೆ ನೋಡಿಕೊಳ್ಳೋ ಮಂಡಳಿ) ಅನುಮತಿ ಮತ್ತೆ ಬೇಕು. ಕೋಣೆಯ ನಕ್ಷೆ, ಸೀಸದ ಹಾಳೆ ಹಾಕಿದ ಬಾಗಿಲು, ಕೂರಿಸಿದ ಮೇಲೆ ಕ್ಯೂಎ (ಗುಣಮಟ್ಟ) ಪರೀಕ್ಷೆ, ಎಲ್ಲ ಆಗಬೇಕು. ಹಾಗಾಗಿ ಮಷಿನ್ ಅಲ್ಲೇ, ಮೂಳೆ ಡಾಕ್ಟರ್ ಇಲ್ಲಿ. ಕೈ ಮುರಿದವರನ್ನ ಅತ್ತಿಂದಿತ್ತ ಕರ್ಕೊಂಡು ಹೋಗೋಕೆ ಒಂದು ಆಟೋ ದಿನದ ಲೆಕ್ಕಕ್ಕೆ ಗೊತ್ತು ಮಾಡಿದ್ದೇವೆ. ಯಾಕೆ ಹೀಗೆ ಅಂತ ಅವರು ಕೇಳಿದರೆ ಹೇಳೋಕೆ ನನಗೇ ನಾಚಿಕೆ.

ಸೋಮವಾರ ಬಾಗಿಲು ತೆಗೆದರೆ ಜನ ಇಲ್ಲ! ಎಲ್ಲ ಹಳೇ ಗೇಟಿನ ಮುಂದೆ ನಿಂತಿದ್ದರು. ಅಲ್ಲಿ ಎರಡು ದೊಡ್ಡ ಫ್ಲೆಕ್ಸ್ ಕಟ್ಟಿಸಿದ್ದೆ, ಬಾಣದ ಗುರುತಿನ ಸಮೇತ. ಜಗಳೂರು ಕಡೆಯ ಅಜ್ಜ ಒಬ್ಬರು ಪ್ಲಾಸ್ಟಿಕ್ ಕವರಿನಿಂದ ಹಳೇ ಚೀಟಿ ತೆಗೆದು ತೋರಿಸಿ, “ಬೋರ್ಡ್ ಓದಕ್ಕೆ ಬಂದಿದ್ರೆ ನಾನ್ಯಾಕೆ ಮಂಡಕ್ಕಿ ಅಂಗ್ಡಿ ಗುರ್ತು ಇಟ್ಕಂತಿದ್ದೆ ತಮ್ಮಾ?” ಅಂದರು. ಸರಿ ಅಲ್ವಾ. ಬಸ್ ಇಳಿದು ಆ ಅಂಗಡಿ ನೋಡ್ಕೊಂಡೇ ಬರೋರು ಇವರೆಲ್ಲ. ಸೀದಾ ಹೋಗಿ ಮಂಡಕ್ಕಿ ಅಂಗಡಿಯಣ್ಣನಿಗೇ ಹೇಳಿದೆ. ಈಗ ಚೀಟಿ ಹಿಡ್ಕೊಂಡು ಬಂದವರನ್ನ ಅವರೇ ನಮ್ಮ ಆಟೋಗೆ ಹತ್ತಿಸ್ತಾರೆ. ಫ್ಲೆಕ್ಸಿನ ದುಡ್ಡು ನೀರಿಗೆ ಹೋಯ್ತು.

ಬಾಕಿ ಇರೋದು ಹಳೇ ಕೇಸ್ ಫೈಲುಗಳು. ಮೂಟೆ ಕಟ್ಟುವಾಗ ನಂಬರ್ ಕಲೆಸಿಹೋಗಿವೆ. ಶುಗರ್ ಕ್ಲಿನಿಕ್ ಇರೋದು ಗುರುವಾರ. ಅವರ ಮೂಟೆಯನ್ನೇ ಮೊದಲು ಬಿಚ್ಚುತ್ತಿದ್ದೇವೆ.