ಕಿಟಕಿ ಜಾಸ್ತಿ ಇರುವ ವಿಮಾನ

ಇವತ್ತು ಮಗಳು ವಿಮಾನ ಬಿಡಿಸಿದಳು. ರೆಕ್ಕೆ ಪುಟ್ಟದು, ಕಿಟಕಿ ಮಾತ್ರ ಜಾಸ್ತಿ. ಒಂದೊಂದು ಕಿಟಕಿಯಲ್ಲೂ ಒಂದು ನಗುಮುಖ.

ನಿನ್ನೆ ರಾತ್ರಿ ನಿದ್ದೆ ಬರದೆ ಸುಮ್ನೆ ನೋಡುತ್ತಾ ಕೂತಿದ್ದ, ಬೇರೆ ಮಕ್ಕಳು ಬಿಡಿಸಿದ ವಿಮಾನಗಳು ನೆನಪಾದವು. ಸ್ಪೇನ್ ಅಂತರ್ಯುದ್ಧದವು, 1936ರಿಂದ 39ರ ಕಾಲ. ಬಾಂಬ್ ಬೀಳುತ್ತಿದ್ದ ಊರುಗಳಿಂದ ಮಕ್ಕಳನ್ನು ದೂರದ ಶಿಬಿರಗಳಿಗೆ ಸಾಗಿಸಿದ್ದರು. ಕೆಲವರನ್ನು ಗಡಿ ದಾಟಿಸಿ ಫ್ರಾನ್ಸ್‌ಗೆ. ಅಲ್ಲಿ ಕಾಗದ, ಪೆನ್ಸಿಲ್ ಕೈಗೆ ಕೊಟ್ಟು ಬಿಡಿಸಿ ಅಂದರು. 600ಕ್ಕೂ ಹೆಚ್ಚು ಚಿತ್ರಗಳು ಈಗ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕ್ಯಾಂಪಸ್‌ನ ಲೈಬ್ರರಿಯಲ್ಲಿವೆ.

ಎಲ್ಲಿ ನೋಡಿದರೂ ವಿಮಾನ. ಹೊಟ್ಟೆಯಿಂದ ಸಾಲಾಗಿ ಉದುರುವ ಬಾಂಬು. ಕೆಳಗೆ ಮನೆ, ಓಡುವ ಜನ.

ನನಗೆ ಕಾಡಿದ್ದು ಬೇರೆಯೇ. ಜನರನ್ನು ಕಡ್ಡಿ ಕಡ್ಡಿಯಾಗಿ ಗೀಚಿದ ಕೈಯೇ ವಿಮಾನವನ್ನು ಎಷ್ಟು ಸರಿಯಾಗಿ ಬಿಡಿಸಿದೆ! ರೆಕ್ಕೆ, ಬಾಲ, ಅದರ ಮೇಲಿನ ಗುರುತು. ಅಷ್ಟು ಸಲ ತಲೆ ಎತ್ತಿ ನೋಡಿರಬೇಕು, ಅಲ್ವಾ?

ಹಲವು ಚಿತ್ರಗಳ ಜೊತೆ ಹೆಸರು, ವಯಸ್ಸು ಕೂಡ ಇದೆ. ಹತ್ತು, ಹನ್ನೊಂದು, ಹನ್ನೆರಡು. ಶಾಲೆಯ ನೋಟ್‌ಬುಕ್ಕಿನಲ್ಲಿ ಬರೆದ ಹಾಗೆ.

"ಇದರಲ್ಲಿ ನೀನು ಯಾವ ಕಿಟಕಿ?" ಅಂತ ಮಗಳು ಕೇಳಿದಳು.

ಮೂರನೆಯದು ಅಂದೆ. ಅದಕ್ಕೆ ಕನ್ನಡಕ ಬರೆದಳು.